ಅಮ್ಮನ ಕಿವಿ ಮಿಷನ್ನು: ಹದಿನಾಲ್ಕು ತಿಂಗಳ ಬಳಕೆಯ ನಂತರ

ಹದಿನಾಲ್ಕು ತಿಂಗಳ ಹಿಂದೆ ನಮ್ಮ ಮನೆಗೆ 46,000 ರೂಪಾಯಿ ಬೆಲೆಯ ಒಂದು ಜೊತೆ ಶ್ರವಣ ಸಾಧನ ಬಂತು. ಮಂಡ್ಯದ ನಮ್ಮ ಬೀದಿಯಲ್ಲಿ ಯಾರೂ ಅದನ್ನು ಶ್ರವಣ ಸಾಧನ ಎನ್ನುವುದಿಲ್ಲ, ಎಲ್ಲರಿಗೂ ಅದು ಕಿವಿ ಮಿಷನ್ನು. ಎಪ್ಪತ್ತೆರಡು ವರ್ಷದ ನನ್ನ ಅಮ್ಮ, ಆರಂಭದ ವಾರಗಳನ್ನು ಬಿಟ್ಟರೆ, ಅಂದಿನಿಂದ ಅದನ್ನು ದಿನಕ್ಕೆ ಹನ್ನೆರಡು ಗಂಟೆಗೆ ಕಡಿಮೆಯಿಲ್ಲದಂತೆ ಧರಿಸುತ್ತಿದ್ದಾರೆ. ಕೊಳ್ಳುವ ಮೊದಲು ಓದಲು ಸಿಕ್ಕ ವಿಮರ್ಶೆಗಳಲ್ಲಿ ಹೆಚ್ಚಿನವು ಮೊದಲ ವಾರದಲ್ಲೇ ಬರೆದವು. ಕಿವಿಯ ವಿಷಯದಲ್ಲಿ ಮೊದಲ ವಾರದ ಅಭಿಪ್ರಾಯಕ್ಕೆ ಬೆಲೆಯಿಲ್ಲ ಎಂಬುದು ಈಗ ನನಗೆ ಗೊತ್ತಿದೆ, ಆದ್ದರಿಂದ ಇಷ್ಟು ದಿನ ಕಾದು ಬರೆಯುತ್ತಿದ್ದೇನೆ. ಹಣ ಕೊಟ್ಟು ಸಂತೋಷ ಕೊಳ್ಳಬಹುದೇ ಎಂಬ ಹಳೆಯ ಪ್ರಶ್ನೆಯನ್ನೂ ಈ ವಸ್ತುವಿನ ಜೊತೆಗಿಟ್ಟು ನೋಡುತ್ತೇನೆ, ಏಕೆಂದರೆ ನಾನು ಜೀವನದಲ್ಲಿ ಮಾಡಿದ ಖರ್ಚುಗಳಲ್ಲಿ ಆ ಪ್ರಶ್ನೆಗೆ ಅತ್ಯಂತ ಹತ್ತಿರ ಬಂದದ್ದು ಇದೊಂದೇ.

ಕಂಪನಿಯ ಹೆಸರನ್ನಾಗಲಿ ಮಾದರಿಯ ಸಂಖ್ಯೆಯನ್ನಾಗಲಿ ಬರೆಯುತ್ತಿಲ್ಲ. ಕನ್ನಡಕದ ಹಾಗೆಯೇ ಇದರಲ್ಲಿಯೂ ಒಬ್ಬರ ಕಿವಿಗೆ ಹೊಂದಿದ್ದು ಇನ್ನೊಬ್ಬರಿಗೆ ಹೊಂದುವುದಿಲ್ಲ, ಹೆಸರು ನೋಡಿ ಕೊಂಡವರಿಗೆ ನನ್ನಿಂದ ಉಪಕಾರವಾಗುವುದಿಲ್ಲ. ನಮ್ಮದು ಕಿವಿಯ ಹಿಂದೆ ಕೂರುವ, ಸೆಲ್ ಹಾಕಿ ನಡೆಸುವ, ಡಿಜಿಟಲ್ ಬಗೆಯದು. ಅಂಗಡಿಯ ಸಾಲಿನಲ್ಲಿ ಕೆಳಗಿನಿಂದ ಎರಡನೆಯ ಮೆಟ್ಟಿಲಿನ ಸಾಧನ ಎಂದರೆ ತಿಳಿಯುತ್ತದೆ.

ಅಮ್ಮನ ಕಿವಿ ಮಂದವಾಗತೊಡಗಿದ್ದು ಸುಮಾರು ಆರು ವರ್ಷಗಳ ಹಿಂದೆ. ಮೊದಮೊದಲು ಟಿವಿಯ ಸದ್ದು ಏರಿತು. ನಂತರ ಫೋನಿನಲ್ಲಿ ಮಾತನಾಡುವುದು ಕಡಿಮೆಯಾಯಿತು. ಆಮೇಲೆ ನಾವು ಗಮನಿಸಬೇಕಾಗಿದ್ದ, ಆದರೆ ಗಮನಿಸದೆ ಬಿಟ್ಟ ಒಂದು ಬದಲಾವಣೆ ಬಂತು: ಊಟಕ್ಕೆ ಕುಳಿತಾಗ ಯಾರಾದರೂ ನಗುವಿನ ಮಾತು ಹೇಳಿದರೆ ಅಮ್ಮ ನಮ್ಮೆಲ್ಲರ ಮುಖ ನೋಡಿ, ನಾವು ನಕ್ಕ ಒಂದು ಕ್ಷಣದ ನಂತರ ನಗುತ್ತಿದ್ದರು. ಮಾತು ಕೇಳಿಸದೆ, ನಗುವಿನಲ್ಲಿ ಮಾತ್ರ ಪಾಲು ಪಡೆಯುತ್ತಿದ್ದರು. ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದ, ಕೊನೆಯ ಬೆಂಚಿನ ಪಿಸುಮಾತನ್ನೂ ಹಿಡಿಯುತ್ತಿದ್ದ ಹೆಂಗಸು ಅವರು.

ಅದೇ ಅವಧಿಯಲ್ಲಿ, 2021ರಲ್ಲಿ, ನಾವು 62,000 ರೂಪಾಯಿಯ ದೊಡ್ಡ ಟಿವಿ ಕೊಂಡೆವು. ಅಮ್ಮನಿಗೆ ಚೆನ್ನಾಗಿ ಕೇಳಿಸಲಿ ಎಂಬುದು ನಾವು ಕೊಟ್ಟುಕೊಂಡ ಕಾರಣಗಳಲ್ಲಿ ಒಂದಾಗಿತ್ತು. ಆ ಟಿವಿಯ ಸಂಭ್ರಮ ಎರಡು ವಾರ ಇತ್ತು, ಮೂರನೆಯ ವಾರದಲ್ಲಿ ಅದು ಗೋಡೆಯ ಭಾಗವಾಯಿತು. ಹಣವಿಲ್ಲದೆ ಕಿವಿ ಮಿಷನ್ನು ತರಲಿಲ್ಲ ಎಂದು ಹೇಳುವ ಹಾಗೆ ಇಲ್ಲ. ವಯಸ್ಸಾದ ಮೇಲೆ ಕಿವಿ ಕೇಳಿಸದಿರುವುದು ಸಹಜ ಎಂದುಕೊಂಡು ಸುಮ್ಮನಿದ್ದೆವು, ಅಷ್ಟೇ. ಕಣ್ಣು ಮಂಜಾದಾಗ ಒಂದೇ ವಾರದಲ್ಲಿ ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿದ್ದೆವು. ಕಿವಿಗೆ ಆ ಅವಸರ ತೋರಲಿಲ್ಲ ಎಂಬುದು ಇಂದಿಗೂ ನನ್ನನ್ನು ಕಾಡುತ್ತದೆ.

ನಮ್ಮ ಮೊದಲ ಖರೀದಿ ತಪ್ಪಾಗಿತ್ತು. ಆನ್‌ಲೈನ್‌ನಲ್ಲಿ 1,800 ರೂಪಾಯಿಗೆ ಸಿಕ್ಕ ಒಂದು ಸಾಧನವನ್ನು ತರಿಸಿದೆವು. ಅದು ಶ್ರವಣ ಸಾಧನವಲ್ಲ, ಬಂದ ಸದ್ದನ್ನೆಲ್ಲ ಒಂದೇ ಸಮನೆ ದೊಡ್ಡದು ಮಾಡುವ ಪುಟ್ಟ ಧ್ವನಿವರ್ಧಕ. ಮಿಕ್ಸಿ ತಿರುಗಿದಾಗ ಅಮ್ಮ ನೋವಿನಿಂದ ಅದನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡರು. ಮೂರನೆಯ ದಿನ ಅದು ಬೀರುವಿನ ಒಳಗೆ ಸೇರಿತು, ಅದರ ಜೊತೆಗೆ ಈ ಬಗೆಯ ಸಾಧನದ ಮೇಲೆ ಅಮ್ಮನಿಗಿದ್ದ ನಂಬಿಕೆಯೂ. ಆ ನಂಬಿಕೆಯನ್ನು ಮತ್ತೆ ಹೊರಗೆ ತರಲು ಒಂದು ವರ್ಷ ಹಿಡಿಯಿತು. ಆದ್ದರಿಂದ ಆ 1,800 ರೂಪಾಯಿಯನ್ನು ನಾನು ಸಣ್ಣ ನಷ್ಟವೆಂದು ಲೆಕ್ಕ ಹಾಕುವುದಿಲ್ಲ.

ನಂತರ ಹೋದದ್ದು ನಗರದ ಒಂದು ಖಾಸಗಿ ಮಳಿಗೆಗೆ. ಹತ್ತು ನಿಮಿಷದಲ್ಲಿ ಪರೀಕ್ಷೆ ಮುಗಿಯಿತು, ಉಳಿದ ಒಂದು ಗಂಟೆ ಮಾರಾಟದ ಮಾತಿಗೆ ಹೋಯಿತು. 2,60,000 ರೂಪಾಯಿಯ ಜೊತೆಯೊಂದನ್ನು ಮುಂದಿಟ್ಟ ಮಾರಾಟಗಾರರು, ಬ್ಲೂಟೂತ್, ಚಾರ್ಜರ್, ಕೃತಕ ಬುದ್ಧಿಮತ್ತೆ ಎಲ್ಲವನ್ನೂ ವಿವರಿಸಿದ ಮೇಲೆ, ನಾನು ತಡವರಿಸುವುದನ್ನು ಕಂಡು, “ತಾಯಿಯ ಸಂತೋಷಕ್ಕಿಂತ ದುಡ್ಡು ಹೆಚ್ಚೇ ಸರ್?” ಎಂದು ಕೇಳಿದರು. ಆ ಮಾತು ನನಗೆ ಬಹಳ ನೋವು ಕೊಟ್ಟಿತು. ಅದರ ಹಿಂದೆ ಒಂದು ಲೆಕ್ಕವಿದೆ: ಹಣ ಹೆಚ್ಚಿದಷ್ಟೂ ಸಂತೋಷ ಹೆಚ್ಚುತ್ತದೆ, ಐದು ಪಟ್ಟು ಹಣ ಕೊಟ್ಟರೆ ಐದು ಪಟ್ಟು ಕೇಳಿಸುತ್ತದೆ ಎಂಬ ಲೆಕ್ಕ. ಅದು ತಪ್ಪು ಎಂಬುದು ಅಂದು ಗೊತ್ತಿದ್ದರೆ ಉತ್ತರ ಕೊಡುತ್ತಿದ್ದೆ. ಗೊತ್ತಿರಲಿಲ್ಲ, ತಲೆ ತಗ್ಗಿಸಿ ಬಂದೆ.

ಅದನ್ನು ತಿಳಿದದ್ದು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ. 1965ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಈ ಸಂಸ್ಥೆ ಮಂಡ್ಯದಿಂದ ಒಂದು ಗಂಟೆಯ ಪ್ರಯಾಣದ ದೂರದಲ್ಲಿದ್ದರೂ ಅಲ್ಲಿಗೆ ಹೋಗಲು ನಾವು ಐದು ವರ್ಷ ತೆಗೆದುಕೊಂಡೆವು. ಬೆಳಿಗ್ಗೆ ಬೇಗ ಹೋಗಿ ನೋಂದಣಿ ಮಾಡಿಸಬೇಕು, ಸರದಿ ಕಾಯಬೇಕು, ಇಡೀ ದಿನ ಅದಕ್ಕೇ ಮೀಸಲಿಡಬೇಕು. ಆದರೆ ಆ ದಿನಕ್ಕೆ ತಕ್ಕ ಫಲವಿದೆ. ಹೊರಗಿನ ಸದ್ದು ಬಾರದ ಕೋಣೆಯಲ್ಲಿ ಅಮ್ಮನನ್ನು ಕೂರಿಸಿ, ಒಂದೊಂದು ಕಿವಿಗೂ ಬೇರೆ ಬೇರೆ ಸ್ಥಾಯಿಯ ಸದ್ದುಗಳನ್ನು ಕೇಳಿಸಿ, ಕೇಳಿದಾಗಲೆಲ್ಲ ಕೈ ಎತ್ತಿಸಿ, ಒಂದು ನಕ್ಷೆ ಬರೆದರು. ಅದೇ ಆಡಿಯೋಗ್ರಾಮ್. ಬಲಗಿವಿಯಲ್ಲಿ 58 ಡೆಸಿಬೆಲ್, ಎಡಗಿವಿಯಲ್ಲಿ 62 ಡೆಸಿಬೆಲ್ ನಷ್ಟ. ಸಾಮಾನ್ಯ ಮಾತುಕತೆ ಸುಮಾರು 60 ಡೆಸಿಬೆಲ್ ಇರುತ್ತದೆ ಎಂದು ಆಡಿಯಾಲಜಿಸ್ಟ್, ಅಂದರೆ ಶ್ರವಣ ತಜ್ಞರು, ಹೇಳಿದಾಗ ಐದು ವರ್ಷ ನಮ್ಮ ಮನೆಯಲ್ಲಿ ನಡೆದದ್ದು ಏನೆಂದು ಒಮ್ಮೆಲೇ ಅರ್ಥವಾಯಿತು. ನಮ್ಮ ಮಾತುಗಳೆಲ್ಲ ಅಮ್ಮನ ಕಿವಿಯ ಹೊಸ್ತಿಲವರೆಗೆ ಬಂದು ಅಲ್ಲೇ ನಿಲ್ಲುತ್ತಿದ್ದವು.

ಇನ್ನೂ ಒಂದು ವಿಷಯವನ್ನು ಆ ನಕ್ಷೆ ತೋರಿಸಿತು. ವಯಸ್ಸಿನಿಂದ ಬರುವ ಕಿವುಡಿನಲ್ಲಿ ಮೊದಲು ಹೋಗುವುದು ಮೇಲಿನ ಸ್ಥಾಯಿಯ ಸದ್ದುಗಳು, ಏಕೆಂದರೆ ಒಳಗಿವಿಯಲ್ಲಿ ಅವನ್ನು ಹಿಡಿಯುವ ಸೂಕ್ಷ್ಮ ರೋಮಕೋಶಗಳು ಮೊದಲು ನಶಿಸುತ್ತವೆ, ನಶಿಸಿದವು ಮತ್ತೆ ಹುಟ್ಟುವುದಿಲ್ಲ. ಸ್ವರಗಳು ಕೆಳಗಿನ ಸ್ಥಾಯಿಯಲ್ಲಿ ಗಟ್ಟಿಯಾಗಿ ಕೇಳುತ್ತವೆ, ಸ, ಶ, ತ, ಕ, ಪ ಮುಂತಾದ ವ್ಯಂಜನಗಳ ಗುರುತು ಇರುವುದು ಮೇಲಿನ ಸ್ಥಾಯಿಯ ಮೆಲುಸದ್ದಿನಲ್ಲಿ. ಹೀಗಾಗಿ ಹಾಲು, ಸಾಲು, ಕಾಲು, ಪಾಲು ಎಂಬ ನಾಲ್ಕು ಮಾತುಗಳೂ ಅಮ್ಮನಿಗೆ ಒಂದೇ ಆಗಿದ್ದವು. “ಕೇಳುಸ್ತದೆ ಕಣಪ್ಪ, ಏನಂದ್ರಿ ಅಂತ ತಿಳಿಯಲ್ಲ” ಎಂದು ಅವರು ಹೇಳುತ್ತಿದ್ದುದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ನಾವು ಅದಕ್ಕೆ ಕೊಡುತ್ತಿದ್ದ ಉತ್ತರ ಇನ್ನಷ್ಟು ಜೋರಾಗಿ ಕೂಗುವುದು. ಕೂಗಿದರೆ ಸ್ವರ ದೊಡ್ಡದಾಗುತ್ತದೆಯೇ ಹೊರತು ವ್ಯಂಜನ ಸ್ಪಷ್ಟವಾಗುವುದಿಲ್ಲ.

ಒಳ್ಳೆಯ ಶ್ರವಣ ಸಾಧನಕ್ಕೂ ನಮ್ಮ 1,800 ರೂಪಾಯಿಯ ವಸ್ತುವಿಗೂ ಇರುವ ಭೇದ ಇಲ್ಲಿಯೇ ಇದೆ. ಕಂಪ್ಯೂಟರಿಗೆ ಜೋಡಿಸಿ, ಆಡಿಯೋಗ್ರಾಮ್‌ಗೆ ತಕ್ಕಂತೆ, ಯಾವ ಸ್ಥಾಯಿಯಲ್ಲಿ ಎಷ್ಟು ಕೊರತೆಯಿದೆಯೋ ಅಲ್ಲಿ ಅಷ್ಟನ್ನೇ ತುಂಬುವ ಹಾಗೆ ಇದನ್ನು ಹೊಂದಿಸುತ್ತಾರೆ. ಮೆಲುಸದ್ದನ್ನು ಹೆಚ್ಚು ಏರಿಸುತ್ತದೆ, ಜೋರುಸದ್ದನ್ನು ಒಂದು ಮಿತಿಯಲ್ಲಿ ತಡೆಯುತ್ತದೆ. ಕಿವಿಯ ಅಚ್ಚು ತೆಗೆದು ಮಾಡಿದ ಇಯರ್ ಮೋಲ್ಡ್ ಸರಿಯಾಗಿ ಕೂತಾಗ ಮಾತ್ರ ಇದೆಲ್ಲ ಕೆಲಸ ಮಾಡುತ್ತದೆ. ನಾಲ್ಕು ಸಾಧನಗಳನ್ನು ಒಂದೊಂದಾಗಿ ಹಾಕಿ ನೋಡಿದ ನಂತರ ಅಮ್ಮ ಆರಿಸಿದ್ದು 46,000 ರೂಪಾಯಿಯ ಜೊತೆಯನ್ನು, ಅದನ್ನು ಒಬ್ಬ ವಿತರಕರಿಂದ ಕೊಂಡೆವು. ಆ ದಿನ ಹಾಕಿ ನೋಡಿದವುಗಳಲ್ಲಿ ಅದರ ಎರಡು ಪಟ್ಟು ಬೆಲೆಯದ್ದೂ ಇತ್ತು, ಅಮ್ಮನಿಗೆ ಅದರಲ್ಲಿ ವ್ಯತ್ಯಾಸ ತಿಳಿಯಲಿಲ್ಲ.

ಡೆಸಿಬೆಲ್ ಎಂಬ ಅಳತೆಯ ಸ್ವಭಾವವನ್ನು ತಿಳಿದ ಮೇಲೆ ಮಾರಾಟಗಾರರ ಮಾತಿಗೆ ನನಗೆ ಉತ್ತರ ಸಿಕ್ಕಿತು. ಅದು ಕೂಡುವ ಅಳತೆಯಲ್ಲ, ಗುಣಿಸುವ ಅಳತೆ. ಹತ್ತು ಡೆಸಿಬೆಲ್ ಏರಲು ಸದ್ದಿನ ಶಕ್ತಿ ಹತ್ತು ಪಟ್ಟಾಗಬೇಕು, ಇನ್ನೊಂದು ಹತ್ತು ಏರಲು ಮತ್ತೆ ಹತ್ತು ಪಟ್ಟು. ಆದಾಯ ಮತ್ತು ಸಂತೋಷದ ಸಂಬಂಧವನ್ನು ಅಳೆದ ಅರ್ಥಶಾಸ್ತ್ರಜ್ಞರು ಮತ್ತು ಮನೋವಿಜ್ಞಾನಿಗಳು ಕಂಡದ್ದೂ ಇದೇ ಬಗೆಯ ಅಳತೆಯನ್ನು. 2010ರಲ್ಲಿ ಡೇನಿಯಲ್ ಕಾಹ್ನೆಮನ್ ಮತ್ತು ಆಂಗಸ್ ಡೀಟನ್ ಅಮೆರಿಕದ ಸಮೀಕ್ಷೆಯನ್ನು ಆಧರಿಸಿ, ವರ್ಷಕ್ಕೆ ಸುಮಾರು 75,000 ಡಾಲರ್ ಆದಾಯದ ನಂತರ ದಿನನಿತ್ಯದ ಸಂತೋಷ ಏರುವುದು ನಿಲ್ಲುತ್ತದೆ ಎಂದರು. 2021ರಲ್ಲಿ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್, ಜನರ ಫೋನಿಗೆ ದಿನದ ಯಾವುದೋ ಹೊತ್ತಿನಲ್ಲಿ ಪ್ರಶ್ನೆ ಕಳಿಸಿ ಉತ್ತರ ಸಂಗ್ರಹಿಸಿ, ಏರುವುದು ಅಲ್ಲಿ ನಿಲ್ಲುವುದಿಲ್ಲ ಎಂದು ತೋರಿಸಿದರು. ಕಾಹ್ನೆಮನ್ ಮತ್ತು ಕಿಲ್ಲಿಂಗ್ಸ್‌ವರ್ತ್ ಇಬ್ಬರೂ ಜಗಳ ಮುಂದುವರಿಸದೆ, ಮನೋವಿಜ್ಞಾನಿ ಬಾರ್ಬರಾ ಮೆಲ್ಲರ್ಸ್ ಅವರನ್ನು ನಡುವೆ ಕೂರಿಸಿಕೊಂಡು, ಅದೇ ಅಂಕಿಅಂಶಗಳನ್ನು ಮತ್ತೆ ಪರಿಶೀಲಿಸಿ 2023ರಲ್ಲಿ ಒಟ್ಟಿಗೆ ವರದಿ ಬರೆದರು. ವಿದ್ವಾಂಸರು ಭಿನ್ನಾಭಿಪ್ರಾಯವನ್ನು ಹೀಗೆ ತೀರಿಸಿಕೊಂಡದ್ದು ನನಗೆ ಬಹಳ ಹಿಡಿಸಿದ ಸಂಗತಿ.

ಅವರು ಕಂಡದ್ದು ಹೀಗಿದೆ. ಹೆಚ್ಚಿನ ಜನರಲ್ಲಿ ಆದಾಯದ ಜೊತೆಗೆ ಸಂತೋಷ ಏರುತ್ತಲೇ ಇರುತ್ತದೆ, ಆದರೆ ಗುಣಿಸುವ ಲೆಕ್ಕದಲ್ಲಿ: ತಿಂಗಳಿಗೆ ಹತ್ತು ಸಾವಿರ ಇದ್ದವರಿಗೆ ಇಪ್ಪತ್ತು ಸಾವಿರವಾದಾಗ ಆಗುವಷ್ಟು ಏರಿಕೆ ಬೇಕಾದರೆ ಒಂದು ಲಕ್ಷ ಇದ್ದವರಿಗೆ ಎರಡು ಲಕ್ಷವಾಗಬೇಕು. ಎಲ್ಲರಿಗಿಂತ ಕಡಿಮೆ ಸಂತೋಷದಲ್ಲಿರುವ ಐದನೆಯ ಒಂದು ಭಾಗದ ಜನರಲ್ಲಿ ಮಾತ್ರ ಆ ಏರಿಕೆ ಒಂದು ಮಟ್ಟದವರೆಗೆ ಹೋಗಿ ನಿಲ್ಲುತ್ತದೆ. ಬಡತನದಿಂದ ಬಂದ ಸಂಕಟವನ್ನು ಹಣ ಕಳೆಯುತ್ತದೆ, ಅಗಲಿಕೆಯ ದುಃಖದಂಥದ್ದು ಹಣ ಬಂದ ಮೇಲೂ ಉಳಿಯುತ್ತದೆ ಎಂಬುದು ಇದಕ್ಕೆ ಅವರು ಕೊಡುವ ವಿವರಣೆ. ಅಮ್ಮನ ಸಾಧನದಲ್ಲಿ ನಾನು ಕಂಡದ್ದು ಇದರಿಂದ ದೂರವಿಲ್ಲ. ಸೊನ್ನೆಯಿಂದ 46,000ಕ್ಕೆ ಹೋದಾಗ ಅಮ್ಮನಿಗೆ ವ್ಯಂಜನಗಳು ಮರಳಿ ಬಂದವು. ಅಲ್ಲಿಂದ 2,60,000ಕ್ಕೆ ಹೋಗಿದ್ದರೆ ಗದ್ದಲದ ನಡುವೆ ಮಾತು ಸ್ವಲ್ಪ ಹೆಚ್ಚು ತಿಳಿಯುತ್ತಿತ್ತು, ಫೋನಿನ ಮಾತು ನೇರವಾಗಿ ಕಿವಿಗೆ ಬರುತ್ತಿತ್ತು. ಕಚೇರಿಗೆ, ಸಭೆಗಳಿಗೆ ಹೋಗುವವರಿಗೆ ಅದು ಬೇಕಾಗಬಹುದು, ಅವರು ಕೊಳ್ಳಲಿ. ಮನೆ, ದೇವಸ್ಥಾನ, ಪಕ್ಕದ ಮನೆಯ ಜಗಲಿ ಇಷ್ಟರಲ್ಲಿ ದಿನ ಕಳೆಯುವ ಅಮ್ಮನಿಗೆ ಅದರ ಅಗತ್ಯವಿರಲಿಲ್ಲ.

ಬಳಕೆಯ ಅನುಭವಕ್ಕೆ ಬರುತ್ತೇನೆ. ಮೊದಲ ಎರಡು ವಾರ ಕಷ್ಟದ್ದು. ಬಳೆಯ ಸದ್ದು, ಪಾತ್ರೆಯ ಸದ್ದು, ಪತ್ರಿಕೆಯ ಪುಟ ತಿರುಗಿಸುವ ಸದ್ದು, ತಮ್ಮದೇ ಹೆಜ್ಜೆಯ ಸದ್ದು ಎಲ್ಲವೂ ಅಮ್ಮನಿಗೆ ವಿಪರೀತ ಅನಿಸಿದವು. ತಮ್ಮ ಧ್ವನಿ ಕೊಡದೊಳಗಿನಿಂದ ಬಂದ ಹಾಗಿದೆ ಎಂದರು. ಐದು ವರ್ಷ ಈ ಸದ್ದುಗಳನ್ನು ಕೇಳದ ಮಿದುಳು ಮತ್ತೆ ಅವನ್ನು ಬದಿಗೆ ಸರಿಸುವುದನ್ನು ಕಲಿಯಬೇಕಾಗುತ್ತದೆ. ಆಡಿಯಾಲಜಿಸ್ಟ್ ಹೇಳಿದಂತೆ ದಿನಕ್ಕೆ ಎರಡು ಗಂಟೆಯಿಂದ ಆರಂಭಿಸಿ, ಮನೆಯೊಳಗೆ ಒಬ್ಬರೊಡನೆ ಮಾತನಾಡುವಾಗ ಮಾತ್ರ ಹಾಕಿಸಿ, ನಿಧಾನವಾಗಿ ಅವಧಿ ಹೆಚ್ಚಿಸಿದೆವು. ಎರಡು ಬಾರಿ ಮೈಸೂರಿಗೆ ಹೋಗಿ ಮರುಹೊಂದಾಣಿಕೆ ಮಾಡಿಸಿಕೊಂಡು ಬಂದೆವು. ಈ ಎರಡು ಭೇಟಿಗಳನ್ನು ತಪ್ಪಿಸಿದವರ ಮನೆಯಲ್ಲಿ ಸಾಧನ ಬೀರು ಸೇರುತ್ತದೆ ಎಂದು ಅಲ್ಲಿ ಹೇಳಿದ್ದನ್ನು ನಾನು ಪೂರ್ತಿ ನಂಬುತ್ತೇನೆ.

ಐದನೆಯ ವಾರದಲ್ಲಿ, ಒಂದು ಸಂಜೆ, ನನ್ನ ಒಂಬತ್ತು ವರ್ಷದ ಮಗಳು ಶಾಲೆಯಲ್ಲಿ ನಡೆದ ಯಾವುದೋ ಪ್ರಸಂಗವನ್ನು ಹೇಳುತ್ತಿದ್ದಳು. ಅವಳ ಮಾತು ಮುಗಿಯುವ ಮೊದಲೇ ಅಮ್ಮ ನಕ್ಕರು. ನಾವು ಇನ್ನೂ ನಕ್ಕಿರಲಿಲ್ಲ. ನನ್ನ ಹೆಂಡತಿ ನನ್ನ ಮುಖ ನೋಡಿದಳು, ನಾನು ಎದ್ದು ಹಿತ್ತಲಿಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದೆ. ಈ ವಸ್ತುವಿಗೆ ಎಷ್ಟು ಅಂಕ ಕೊಡುತ್ತೀರಿ ಎಂದು ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ಆ ಸಂಜೆ.

ಅಮ್ಮ ಈಗ ಬೆಳಿಗ್ಗೆ ಮೈಸೂರು ಆಕಾಶವಾಣಿ ಹಾಕುತ್ತಾರೆ, ಪಕ್ಕದ ಮನೆಗೆ ಕೇಳದಷ್ಟು ಸಣ್ಣಗೆ. ಸೊಪ್ಪಿನವಳ ಜೊತೆ ಚೌಕಾಸಿ ಮತ್ತೆ ಶುರುವಾಗಿದೆ. ನನ್ನನ್ನು ಕರೆದು “ಅವರು ಏನಂದರು?” ಎಂದು ಕೇಳುವುದು ನಿಂತಿದೆ. ಟಿವಿಯ ಸಂಭ್ರಮ ಎರಡೇ ವಾರದಲ್ಲಿ ಆರಿದ ಹಾಗೆ ಇದು ಆರಲಿಲ್ಲ ಏಕೆ ಎಂದು ಯೋಚಿಸಿದ್ದೇನೆ. ಟಿವಿ ತಾನೇ ನಮ್ಮ ಸಂತೋಷವಾಗಬೇಕಿತ್ತು, ಪ್ರತಿದಿನ ನೋಡಿದ ಮೇಲೆ ಅದರಲ್ಲಿ ಹೊಸದೇನೂ ಉಳಿಯಲಿಲ್ಲ. ಕಿವಿ ಮಿಷನ್ನಿನತ್ತ ಅಮ್ಮ ಗಮನವನ್ನೇ ಕೊಡುವುದಿಲ್ಲ, ಅದರ ಮೂಲಕ ಬರುವ ಮಾತು ಮಾತ್ರ ದಿನವೂ ಬೇರೆಯಾಗಿರುತ್ತದೆ.

ಇದರ ದೋಷಗಳನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಮೊದಲನೆಯದು, ಗದ್ದಲ. ಕಲ್ಯಾಣ ಮಂಟಪದಲ್ಲಿ ಓಲಗ ಶುರುವಾದರೆ ಅಮ್ಮ ಎರಡನ್ನೂ ತೆಗೆದು ಡಬ್ಬಿಯಲ್ಲಿ ಇಡುತ್ತಾರೆ. ನಾಲ್ಕು ಜನ ಒಟ್ಟಿಗೆ ಮಾತನಾಡಿದರೆ ಇಂದಿಗೂ ಅವರಿಗೆ ತಿಳಿಯುವುದಿಲ್ಲ. ಎರಡು ಮೀಟರ್‌ಗಿಂತ ದೂರದಿಂದ, ಬೆನ್ನ ಹಿಂದಿನಿಂದ, ಅಡುಗೆಮನೆಯಿಂದ ಕೂಗಿ ಹೇಳಿದ ಮಾತು ತಲುಪುವುದಿಲ್ಲ. ಮೊಮ್ಮಗಳು ಕೊರಳಿಗೆ ಬಿದ್ದು ತಬ್ಬಿಕೊಂಡರೆ ಸಾಧನ ಕುಂಯ್ ಎಂದು ಸಿಳ್ಳೆ ಹಾಕುತ್ತದೆ. ಕನ್ನಡಕದ ಕಡ್ಡಿಯೂ ಸಾಧನವೂ ಕಿವಿಯ ಹಿಂದೆ ಒಂದೇ ಜಾಗಕ್ಕೆ ಬರುವುದರಿಂದ ಮೊದಲ ತಿಂಗಳು ಅಲ್ಲಿ ಚರ್ಮ ಕೆಂಪಾಗಿತ್ತು. ಮಳೆಗಾಲದ ತೇವ ಮತ್ತು ಬೇಸಿಗೆಯ ಬೆವರು ಎರಡೂ ಇದಕ್ಕೆ ಶತ್ರು. ರಾತ್ರಿ ಸಿಲಿಕಾ ಜೆಲ್ ಮಣಿಗಳಿರುವ ಡಬ್ಬಿಯಲ್ಲಿ ಇಡದಿದ್ದರೆ ಬೆಳಿಗ್ಗೆ ಸದ್ದು ಮಂಕಾಗುತ್ತದೆ.

ಐದನೆಯ ತಿಂಗಳಿನಲ್ಲಿ ಎಡಗಿವಿಯ ಸಾಧನ ನಿಂತುಹೋಯಿತು. ವಾರಂಟಿ ಇತ್ತು, ಹಣ ಕೇಳಲಿಲ್ಲ, ಆದರೆ ಮಾರಿದ ವಿತರಕರು ಅದನ್ನು ದುರಸ್ತಿ ಮಾಡಿಸಿ ಕೊಡಲು ಹತ್ತೊಂಬತ್ತು ದಿನ ತೆಗೆದುಕೊಂಡರು. ಬದಲಿ ಸಾಧನ ಕೇಳಿದರೆ ಅಂಥ ವ್ಯವಸ್ಥೆ ತಮ್ಮಲ್ಲಿಲ್ಲ ಎಂದರು. ಟಿವಿ ಕೆಟ್ಟರೆ ಹತ್ತೊಂಬತ್ತು ದಿನ ಕಾಯಬಹುದು. ಮತ್ತೆ ಮಾತಿನೊಳಗೆ ಬಂದ ಮನುಷ್ಯರನ್ನು ಅರ್ಧ ಹೊರಗೆ ನಿಲ್ಲಿಸುವುದು ಬೇರೆ. ಆ ದಿನಗಳಲ್ಲಿ ಅಮ್ಮ ಮೊದಲಿಗಿಂತ ಹೆಚ್ಚು ಸುಮ್ಮನಾಗಿದ್ದರು. ಕೊಳ್ಳುವ ಮೊದಲೇ ಬದಲಿ ಸಾಧನದ ಮಾತನ್ನು ಬರವಣಿಗೆಯಲ್ಲಿ ಪಡೆದುಕೊಳ್ಳಿ.

ಖರ್ಚಿನ ಲೆಕ್ಕ: ಶ್ರವಣ ಸಾಧನಕ್ಕೆ ಜಿಎಸ್‌ಟಿ ಇಲ್ಲ, ಬಿಲ್ಲಿನಲ್ಲಿ ಸೇರಿಸಿದ್ದರೆ ಪ್ರಶ್ನಿಸಿ. ನಮ್ಮದಕ್ಕೆ 13ನೇ ಸಂಖ್ಯೆಯ, ಕಿತ್ತಳೆ ಬಣ್ಣದ ಚೀಟಿಯ ಸೆಲ್ ಬೇಕು. ಒಂದು ಸೆಲ್ ಸುಮಾರು ಹತ್ತು ದಿನ ಬರುತ್ತದೆ, ಎರಡು ಕಿವಿಗೆ ತಿಂಗಳಿಗೆ ಆರು, ಅಂದರೆ 240 ರೂಪಾಯಿಯ ಒಂದು ಪಟ್ಟಿ. ಇವು ಗಾಳಿ ಸೋಕಿದೊಡನೆ ಕೆಲಸ ಆರಂಭಿಸುವ ಜಿಂಕ್-ಏರ್ ಸೆಲ್‌ಗಳು. ಚೀಟಿ ಕಿತ್ತು ಒಂದೆರಡು ನಿಮಿಷ ಬಿಟ್ಟು ಹಾಕಬೇಕು, ಕಿತ್ತ ಚೀಟಿಯನ್ನು ಮತ್ತೆ ಅಂಟಿಸಿದರೆ ಉಳಿತಾಯವಾಗುವುದಿಲ್ಲ. ಸಾಧನವನ್ನು ಇಯರ್ ಮೋಲ್ಡ್‌ಗೆ ಜೋಡಿಸುವ ಕೊಳವೆ ಗಟ್ಟಿಯಾದಾಗ ಅದನ್ನು ಮೂರು ಬಾರಿ ಬದಲಿಸಲು 450, ಒಣಗಿಸುವ ಡಬ್ಬಿಗೆ 600. ಹದಿನಾಲ್ಕು ತಿಂಗಳಿಗೆ ಒಟ್ಟು 50,410 ರೂಪಾಯಿ, ಪ್ರಯಾಣದ ಖರ್ಚು ಬಿಟ್ಟು. ಸಾಧನ ಐದು ವರ್ಷ ಬಾಳಿದರೆ ತಿಂಗಳಿಗೆ ಸಾವಿರ ರೂಪಾಯಿಯ ಆಸುಪಾಸಿಗೆ ಬರುತ್ತದೆ. ಅಷ್ಟನ್ನೂ ಕೊಡಲಾಗದವರು ಹಲವರಿದ್ದಾರೆ. ಅಂಗವಿಕಲರಿಗೆ ಸಾಧನ ಒದಗಿಸುವ ಕೇಂದ್ರದ ಎಡಿಐಪಿ ಯೋಜನೆಯಲ್ಲಿಯೂ, ಬಡತನ ರೇಖೆಗಿಂತ ಕೆಳಗಿರುವ 60 ದಾಟಿದವರಿಗಾಗಿ 2017ರಲ್ಲಿ ಆರಂಭವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿಯೂ ಶ್ರವಣ ಸಾಧನ ಸೇರಿದೆ. ಬೇಕಾದ ದಾಖಲೆಗಳನ್ನು ಮೊದಲೇ ವಿಚಾರಿಸಿಕೊಂಡು ಹೋದರೆ ಒಂದು ಓಡಾಟ ಉಳಿಯುತ್ತದೆ.

ಹಣ ಎಲ್ಲಿಯವರೆಗೆ ಬಂತು, ಎಲ್ಲಿ ನಿಂತಿತು ಎಂಬುದು ನನಗೆ ಈ ಹದಿನಾಲ್ಕು ತಿಂಗಳಲ್ಲಿ ಸ್ಪಷ್ಟವಾಗಿದೆ. ಮಾತು ಕಿವಿಗೆ ತಲುಪುವಂತೆ ಮಾಡಿದ್ದು ಹಣ. ಆದರೆ ಮಾತನಾಡುವಾಗ ಎದುರಿಗೆ ಬಂದು ಕೂರುವುದು, ಊಟದ ಹೊತ್ತಿನಲ್ಲಿ ಟಿವಿ ಆರಿಸುವುದು, ಒಬ್ಬರಾದ ಮೇಲೆ ಒಬ್ಬರು ಮಾತನಾಡುವುದು, ತಿಳಿಯದಿದ್ದಾಗ “ಏನಿಲ್ಲ ಬಿಡಿ” ಎನ್ನದೆ ಬೇರೆ ಪದಗಳಲ್ಲಿ ಮತ್ತೆ ಹೇಳುವುದು, ಇವನ್ನು ನಾವೇ ಕಲಿಯಬೇಕಾಯಿತು. “ಏನಿಲ್ಲ ಬಿಡಿ” ಎಂಬ ಮಾತು ಕಿವಿ ಮಂದವಾದವರಿಗೆ ಎಷ್ಟು ನೋವು ಕೊಡುತ್ತದೆ ಎಂದು ಅಮ್ಮ ಹೇಳಿದ್ದು ಕೇಳಿಸತೊಡಗಿದ ಮೇಲೆ. ಅದಕ್ಕೂ ಮೊದಲು ಆ ಮಾತನ್ನು ನಾನೇ ಎಷ್ಟು ಬಾರಿ ಹೇಳಿದ್ದೇನೋ. ಸಾಧನ ತಂದುಕೊಟ್ಟು ತಮ್ಮ ಹೊಣೆ ಮುಗಿಯಿತು ಎಂದುಕೊಳ್ಳುವ ಮನೆಗಳಿಗೆ ಈ ವಸ್ತುವನ್ನು ನಾನು ಶಿಫಾರಸು ಮಾಡಲಾರೆ. ಉಳಿದ ಎಲ್ಲರಿಗೂ, ಪರೀಕ್ಷೆ ಮಾಡಿಸಿದ ನಂತರ, ತಡಮಾಡದೆ ಕೊಳ್ಳಿ ಎನ್ನುತ್ತೇನೆ.

ಅಮ್ಮ ವರ್ಷಗಟ್ಟಲೆ ಬಿಟ್ಟಿದ್ದ ಒಂದು ರೂಢಿಯನ್ನು ಈಗ ಮತ್ತೆ ಹಿಡಿದಿದ್ದಾರೆ. ಚನ್ನರಾಯಪಟ್ಟಣದಲ್ಲಿರುವ ನಮ್ಮ ದೊಡ್ಡಮ್ಮನಿಗೆ ಭಾನುವಾರ ಫೋನ್ ಮಾಡುತ್ತಾರೆ. ಎರಡು ತಿಂಗಳ ಹಿಂದೆ ಮಾತು ಮುಗಿಸಿ ಬಂದವರು, “ನಂಗೆ ಕೇಳ್ತದೆ, ಅಕ್ಕಂಗೆ ಕೇಳ್ತಿಲ್ಲ ಕಣಪ್ಪ. ಎಲ್ಲದಕ್ಕೂ ಹೂಂ ಅಂತಾಳೆ” ಎಂದರು. ಮರುದಿನ ತಮ್ಮ ಪಿಂಚಣಿಯ ಪಾಸ್‌ಬುಕ್ ತಂದು ನನ್ನ ಮುಂದಿಟ್ಟರು. ನಾನು ಕೊಡುತ್ತೇನೆ ಎಂದರೆ ಒಪ್ಪಲಿಲ್ಲ. ಮುಂದಿನ ಮಂಗಳವಾರ ಬೆಳಿಗ್ಗೆ ಬೇಗ ಹೊರಟು, ಇಬ್ಬರನ್ನೂ ಮಾನಸಗಂಗೋತ್ರಿಗೆ ಕರೆದುಕೊಂಡು ಹೋಗುವುದೆಂದು ನಿಶ್ಚಯವಾಗಿದೆ.